ಎಲ್ಲಿದ್ದೀಯ ಅಂತ ಕೇಳುವುದನ್ನು ಬಿಟ್ಟ ಮೇಲೆ

೧೧ ಫೆಬ್ರವರಿ ೨೦೦೮, ಸೋಮವಾರ

ತಿಂಡಿಗೆ ಅಕ್ಕಿರೊಟ್ಟಿ. ಚಟ್ನಿ ನೀರಾಯಿತು ಅಂತ ಇವರ ಮುಖ ಗಂಟು. ತಿಂದದ್ದೇನೂ ಕಡಿಮೆಯಿಲ್ಲ. ಸೋಮವಾರ, ದೇವಸ್ಥಾನದ ಬೀದಿಯಲ್ಲಿ ಜನವೋ ಜನ. ಸ್ಕೂಟರ್ ತೂರಿಸಿಕೊಂಡು ಅಂಗಡಿಗೆ ಹೋದರು. ಮೋಟರ್ ಪಂಪಿನ ಅಂಗಡಿ. ಬೇಸಿಗೆ ಹತ್ತಿರ ಬಂತಲ್ಲ, ವ್ಯಾಪಾರ ಜೋರು. ಇವರು ಹೋದಮೇಲೆ ರೇಡಿಯೋ ಹಾಕಿಕೊಂಡು ಪಾತ್ರೆ ತೊಳೆದೆ. ದಿನದಲ್ಲಿ ನನಗಿಷ್ಟವಾದ ಹೊತ್ತು ಇದೊಂದೇ.

ಒಂದು ವಿಷಯ ಬರೆದಿಡಬೇಕು. ಮೊಬೈಲ್ ಕೊಡಿಸಿದ ದಿನದಿಂದ, ಯಾವಾಗ ಫೋನ್ ಮಾಡಿದರೂ ಇವರ ಮೊದಲ ಮಾತು, "ಎಲ್ಲಿದ್ಯ?" ಅಡುಗೆಮನೆಯಲ್ಲಿದ್ದೀನಿ, ಹಿತ್ತಲಲ್ಲಿದ್ದೀನಿ, ತರಕಾರಿ ತರಲು ಬಂದಿದ್ದೀನಿ... ಎಲ್ಲದಕ್ಕೂ ವರದಿ ಒಪ್ಪಿಸಬೇಕಿತ್ತು. ಈಗ ಸ್ವಲ್ಪ ದಿನದಿಂದ ಕೇಳುವುದನ್ನೇ ಬಿಟ್ಟಿದ್ದಾರೆ. ನೇರ ವಿಷಯಕ್ಕೆ ಬರುತ್ತಾರೆ. ಮದುವೆಯಾಗಿ ನಾಲ್ಕು ವರ್ಷಕ್ಕೆ ಗಂಡನಿಗೆ ನನ್ನ ಮೇಲೆ ನಂಬಿಕೆ ಬಂತು. ತಡವಾದರೂ ಬಂತಲ್ಲ, ಸದ್ಯ.

೨೧ ಫೆಬ್ರವರಿ, ಗುರುವಾರ

ತಾಂಡವಪುರಕ್ಕೆ ಹೋಗಿದ್ದೆ. ಅರ್ಪಿತಳಿಗೆ ಗಂಡು ಮಗು. ಮದುವೆಗೆ ಮುಂಚೆ ನಾನೂ ಅವಳೂ ಒಟ್ಟಿಗೆ ಡಿಟಿಪಿ ಕಲಿತವರು. ಅವಳು ಕೆಲಸಕ್ಕೂ ಹೋಗುತ್ತಾಳೆ, ಮಾತೂ ಜಾಸ್ತಿ — ಇವರಿಗೆ ಆಗುವುದಿಲ್ಲ. ಅದಕ್ಕೇ ದೇವಸ್ಥಾನಕ್ಕೆ ಅಂತ ಹೇಳಿ ಬಸ್ಸು ಹತ್ತಿದೆ. ಮಗು ನನ್ನ ಬೆರಳು ಹಿಡಿದುಕೊಂಡು ಬಿಡಲೇ ಇಲ್ಲ. ಇವರು ಬರುವ ಹೊತ್ತಿಗೆ ಮನೆಯಲ್ಲಿದ್ದೆ.

ಊಟಕ್ಕೆ ಕೂತು ಕೇಳಿದರು, "ದರ್ಶನ ಚೆನ್ನಾಗಾಯ್ತಾ?"

"ಆಯ್ತು."

"ನಂಜುಂಡೇಶ್ವರ ಯಾವಾಗ ತಾಂಡವಪುರಕ್ಕೆ ಶಿಫ್ಟ್ ಆದ?"

ನಗುತ್ತಲೇ ಕೇಳಿದರು. ಇನ್ನೊಂದು ಸೌಟು ಸಾರು ಹಾಕಿಸಿಕೊಂಡರು. ಯಾರು ಹೇಳಿದರು? ಬಸ್ಸಿನಲ್ಲಿ ಗುರುತಿನವರು ಯಾರೂ ಇರಲಿಲ್ಲ. ಅರ್ಪಿತ ಸತ್ತರೂ ಹೇಳುವವಳಲ್ಲ.

೨೩ ಫೆಬ್ರವರಿ

ಎಡಗೈಯಲ್ಲಿ ಏನೂ ಹಿಡಿಯಲಾಗುತ್ತಿಲ್ಲ. ಇವರು ಕೂಗಾಡಲಿಲ್ಲ, ಬಯ್ಯಲಿಲ್ಲ. ಬೆರಳು ಹಿಡಿದು ಹಿಂದಕ್ಕೆ ಬಾಗಿಸುತ್ತ, "ಯಾಕೆ ಸುಳ್ಳು ಹೇಳ್ದೆ? ಕೇಳಿದ್ರೆ ನಾನೇ ಸ್ಕೂಟರಲ್ಲಿ ಬಿಡ್ತಿದ್ನಲ್ಲ?" ಅಂತ ಸಮಾಧಾನದಲ್ಲೇ ಕೇಳುತ್ತಿದ್ದರು. ನಾನು ಅತ್ತದ್ದು ಪಕ್ಕದ ಮನೆಗೆ ಕೇಳಿಸಿರಬೇಕು. ಕೇಳಿದವರಿಗೆ, ಬೆರಳು ಬಾಗಿಲ ಸಂದಿಗೆ ಸಿಕ್ಕಿಕೊಂಡಿತು ಅಂದೆ.

"ನಿಮ್ಮ ಯಜಮಾನ್ರು ಎಷ್ಟು ಒಳ್ಳೆಯವ್ರು ಕಣ್ರೀ, ಬೆಳಿಗ್ಗೆ ಎದ್ದವರೇ ಮುಲಾಮು ತರೋಕೆ ಓಡ್ತಿದ್ರು" ಅಂದರು ಪಕ್ಕದವರು. ತಂದದ್ದು ನಿಜ. ಹಚ್ಚಿದ್ದೂ ಅವರೇ.

೪ ಮಾರ್ಚ್, ಮಂಗಳವಾರ, ಬೆಳಿಗ್ಗೆ

ಸಿಕ್ಕಿತು! ಇವರು ಸ್ನಾನಕ್ಕೆ ಹೋಗಿದ್ದರು. ನನ್ನ ಫೋನು ಕುಂಯ್ ಅಂದಿತು. ಇಂಗ್ಲಿಷ್ ಮೆಸೇಜು. ಎರಡು ಸಲ ಓದಿದಮೇಲೆ ತಲೆಗೆ ಹೋಯಿತು. ಈ ನಂಬರಿನವರು ನೀವಿರುವ ಜಾಗ ನೋಡುತ್ತಿದ್ದಾರೆ, ಬೇಡವಾದರೆ ಸ್ಟಾಪ್ ಅಂತ ಕಳಿಸಿ — ಇಷ್ಟೇ. ನಂಬರು ಇವರದು. ಕಂಪನಿಯವರ ಹೊಸ ಸೇವೆಯಂತೆ. ಮನೆಯವರು ಎಲ್ಲಿದ್ದಾರೆ ಅಂತ ಒಂದು ಮೆಸೇಜ್ ಹಾಕಿದರೆ ಸಾಕು, ಅವರ ಫೋನು ಯಾವ ಟವರಿನ ಕೆಳಗಿದೆಯೋ ಆ ಊರಿನ ಹೆಸರು ವಾಪಸ್ ಬರುತ್ತದಂತೆ. ಒಪ್ಪಿಗೆ ಕೇಳಿ ನನ್ನ ಫೋನಿಗೇ ಮೆಸೇಜ್ ಬಂದಿರಬೇಕು. ಸಂಕ್ರಾಂತಿ ಆದಮೇಲೆ ಒಂದು ದಿನ "ರಿಂಗ್ ಸರಿಮಾಡ್ತೀನಿ ಕೊಡು" ಅಂತ ಇಸಿದುಕೊಂಡಿದ್ದರಲ್ಲ, ಆಗ ಅವರೇ ಒಪ್ಪಿಗೆಯ ವೈ ಒತ್ತಿಕೊಂಡಿದ್ದಾರೆ. ನನ್ನ ಪರವಾಗಿ!

ನಂಬಿಕೆ ಬಂತು ಅಂತ ಬರೆದಿದ್ದೆನಲ್ಲ. ನನ್ನ ಬುದ್ಧಿಗಿಷ್ಟು.

ಸ್ಟಾಪ್ ಕಳಿಸಿಬಿಟ್ಟೆ. ಧನ್ಯವಾದ ಅಂತ ಬಂತು. ಅಳಿಸಿಹಾಕಿದೆ. ಇವರು ತಿಂಡಿ ತಿಂದು ಹೋದರು. ಉಪ್ಪಿಟ್ಟು ಇವತ್ತು ನನಗೇ ರುಚಿ ಅನ್ನಿಸಿತು.

ಅದೇ ದಿನ, ಮಧ್ಯಾಹ್ನ

ಅಂಗಡಿ ಅರ್ಧಕ್ಕೆ ಬಿಟ್ಟು ಬಂದರು. ನಾನು ಸ್ಟಾಪ್ ಕಳಿಸಿದ ಕೂಡಲೇ ಅವರ ಫೋನಿಗೆ ಸುದ್ದಿ ಹೋಗಿದೆ. ನಿಮ್ಮವರು ಒಪ್ಪಿಗೆ ಹಿಂದಕ್ಕೆ ತೆಗೆದುಕೊಂಡಿದ್ದಾರೆ ಅಂತ. ಎಂಥ ಮರ್ಯಾದಸ್ಥ ಕಂಪನಿ. ತಪ್ಪಿಸಿಕೊಂಡವರ ಹೆಸರನ್ನು ತಾನೇ ಹೋಗಿ ಹೇಳಿ ಬರುತ್ತದೆ.

ಬಾಗಿಲು ಹಾಕಿ, ಎದುರು ಕೂತು, ಆ ಸೇವೆ ಮತ್ತೆ ಹೊಸದಾಗಿ ಹಾಕಿದರು. ಒಪ್ಪಿಗೆ ಕೇಳುವ ಮೆಸೇಜ್ ಬಂದಾಗ ಫೋನು ನನ್ನ ಕೈಗೆ ಕೊಟ್ಟರು. "ನೀನೇ ಒತ್ತು." ಒತ್ತಿದೆ.

"ನೋಡು, ನಾನೇನು ಬಲವಂತ ಮಾಡಿಲ್ಲ. ನೀನೇ ಒಪ್ಪಿದೀಯ" ಅಂದರು.

ಹೌದು. ನಾನೇ. ಬಲಗೈ ಹೆಬ್ಬೆರಳಿನಲ್ಲಿ.

೧೨ ಮಾರ್ಚ್, ಬುಧವಾರ

ಆ ಸೇವೆ ತೆಗೆಸಬೇಕು ಅಂತ ಮೊಬೈಲ್ ಕಂಪನಿಯ ಅಂಗಡಿಗೆ ಹೋದೆ. ಟೈ ಕಟ್ಟಿಕೊಂಡಿದ್ದವನು ಕಂಪ್ಯೂಟರ್ ನೋಡಿ ಹೇಳಿದ, "ಸಿಮ್ ಸಾಹೇಬ್ರ ಹೆಸರಲ್ಲಿದೆ ಮೇಡಂ. ಅವರು ಬಂದು ಬರ್ಕೊಟ್ರೆ ತೆಗೀಬಹುದು."

"ನೋಡೋದು ನಾನಿರೋ ಊರು ತಾನೆ? ನಾನು ಬೇಡ ಅಂದ್ರೆ ಸಾಲದಾ?"

"ನೀವಿರೋ ಊರಲ್ಲ ಮೇಡಂ. ಸಿಮ್ ಇರೋ ಊರು."

ಅವನ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ. ಹೊರಡುವಾಗ ನಕ್ಕು, "ಅಮೃತೇಶಣ್ಣ ನಮಗೆಲ್ಲ ಗೊತ್ತಿರೋರೇ, ನಾನೇ ಒಂದ್ಮಾತು ಹೇಳ್ತೀನಿ ಬಿಡಿ" ಅಂದ. ಸಹಾಯ ಮಾಡುತ್ತಿದ್ದೇನೆ ಅಂದುಕೊಂಡೇ ಅಂದದ್ದು. ನಂಜನಗೂಡು ಎಷ್ಟು ದೊಡ್ಡದು ಅಂತ ಮರೆತುಬಿಟ್ಟಿದ್ದೆ.

೧೯ ಮೇ, ಸೋಮವಾರ. ಟಿ. ನರಸೀಪುರ

ಇಷ್ಟು ದಿನ ಬರೆಯಲಾಗಲಿಲ್ಲ. ಬಲಗೈ ಮುಂಗೈ ಪಟ್ಟಿಯಲ್ಲಿತ್ತು. ಈಗಲೂ ಅಕ್ಷರ ಸೊಟ್ಟ.

ಬಂದುಬಿಟ್ಟೆ. ಅವ್ವನ ಮನೆಗೆ ಅಂತ ಹೇಳಿ ಹೊರಟೆ. ಬಸ್‌ಸ್ಟ್ಯಾಂಡಿನಲ್ಲಿ ಗುಂಡ್ಲುಪೇಟೆ ಬಸ್ಸು ಹತ್ತಿ, ಹಿಂದಿನ ಸೀಟಿನ ಕೆಳಗೆ ಫೋನು ತಳ್ಳಿ, ಇಳಿದುಬಿಟ್ಟೆ. ಪಕ್ಕದಲ್ಲೇ ನರಸೀಪುರದ ಬಸ್ಸು ನಿಂತಿತ್ತು. ಬೇಗೂರು, ಗುಂಡ್ಲುಪೇಟೆ ಅಂತ ಒಂದೊಂದೇ ಊರಿನ ಹೆಸರು ಅವರಿಗೆ ಹೋಗುತ್ತಿರಬೇಕು. ಸ್ಕೂಟರ್ ಹತ್ತಿ ಆ ಬಸ್ಸಿನ ಹಿಂದೆ ಬಿದ್ದಿರುತ್ತಾರೆ ಅಂತ ನೆನೆಸಿಕೊಂಡು ಕಿಟಕಿಗೆ ಮುಖ ಮಾಡಿ ನಕ್ಕೆ. ಪಕ್ಕದ ಹೆಂಗಸು ಸ್ವಲ್ಪ ಸರಿದು ಕೂತಳು.

ಇನ್ನು ಮೇಲೆ "ಇವರು" ಅಂತ ಬರೆಯುವುದಿಲ್ಲ. ಅಮೃತೇಶ. ಗಂಡನ ಹೆಸರು ಬರೆದೇಬಿಟ್ಟೆ. ಏನೂ ಆಗಲಿಲ್ಲ.

೮ ಜೂನ್, ಭಾನುವಾರ

ಕೆಲಸ ಸಿಕ್ಕಿದ್ದು ಅರ್ಪಿತಳ ದಯೆ. ಅವಳಿಗೆ ಗುರುತಿದ್ದ ಪ್ರಿಂಟಿಂಗ್ ಪ್ರೆಸ್ಸು. ಮಾಲೀಕರು ಕೃಷ್ಣಕುಮಾರ್. ಅರವತ್ತರ ಹತ್ತಿರದವರು, ಮಾತು ಕಡಿಮೆ. ಗಂಡನನ್ನು ಬಿಟ್ಟು ಬಂದಿದ್ದೇನೆ ಅಂತ ಗೊತ್ತು, ಬೇರೆ ಏನೂ ಕೇಳಲಿಲ್ಲ. ಒಳಕೋಣೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ದಿನವಿಡೀ ಲಗ್ನಪತ್ರಿಕೆ ಟೈಪ್ ಮಾಡುವುದು. "ತಮ್ಮ ಆಗಮನಾಭಿಲಾಷಿಗಳು" ಅಂತ ಕಣ್ಣುಮುಚ್ಚಿ ಹೊಡೆಯಬಲ್ಲೆ. ಮದುವೆಗಳನ್ನು ಕಂಡರೆ ಎದೆ ಝಲ್ಲೆನ್ನುವವಳಿಗೆ ಸಿಕ್ಕ ಕೆಲಸ ನೋಡು!

ಇಲ್ಲಿ ನನ್ನ ಹೆಸರು ಗೌತಮಿ. ಬಾಡಿಗೆಗೆ ಒಂದು ಕೋಣೆ. ಮನೆಯೊಡತಿ ಪುಟ್ಟಮಾದಮ್ಮ, ಗಂಡ ತೀರಿಕೊಂಡವರು, ಸಂತೆಯಲ್ಲಿ ಸೊಪ್ಪು ಮಾರುತ್ತಾರೆ. ಮೊದಲ ದಿನವೇ ನನ್ನ ಕೈ ಮುಟ್ಟಿ ನೋಡಿದರು. "ಮುರ್ದಿರ ಮೂಳೆ ಇದು. ಏಳ್ಬೇಡ ಬುಡವ್ವ, ನಂಗೊತ್ತಾಯ್ತದೆ" ಅಂದರು. ಅವತ್ತು ಅಳು ಬಂತು.

ಫೋನಿಲ್ಲ. ಬೇಕಾಗಿಯೂ ಇಲ್ಲ. ಸಂಜೆ ಹೊಳೆ ಕಡೆ ಹೋಗಿ ಸುಮ್ಮನೆ ಕೂತಿದ್ದೆ. ನಾನು ಅಲ್ಲಿದ್ದೇನೆ ಅಂತ ಲೋಕದಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಎಂಥ ಸುಖ ಅದು. ಹೊತ್ತು ಮುಳುಗುವ ತನಕ ಎದ್ದು ಬರಲು ಮನಸ್ಸಾಗಲಿಲ್ಲ.

೧೩ ಜುಲೈ, ಭಾನುವಾರ

ಮೈಸೂರಿಗೆ ಹೋಗಿ ಬೂತಿನಿಂದ ಅವ್ವನಿಗೆ ಫೋನ್ ಮಾಡಿದೆ. ಇಲ್ಲಿಂದ ಮಾಡುವ ಹಾಗಿಲ್ಲ. ನಂಬರಿನ ಕೋಡು ನೋಡಿದರೆ ಯಾವ ಊರು ಅಂತ ಯಾರಾದರೂ ಹೇಳುತ್ತಾರೆ. ಅವ್ವ ಹೆಡತಲೆಯಲ್ಲಿ ಮಹಿಳಾ ಸಂಘ ನಡೆಸುತ್ತಾಳೆ, ಅದಕ್ಕೇ ಅವಳಿಗೊಂದು ಸ್ವಂತ ಮೊಬೈಲು. ಅಪ್ಪ ಶಿವಮಲ್ಲಪ್ಪನವರು ಅಳಿಯನ ಕಡೆ. ನನ್ನ ಹೆಸರು ಎತ್ತಿದರೆ ಎದ್ದು ಹೋಗುತ್ತಾರಂತೆ.

"ಎಲ್ಲಿದ್ದೀಯ ಅಂತ ಕೇಳಕಿಲ್ಲ ಕನವ್ವ. ಆದ್ರೆ ಗೌರಿ ಅಬ್ಬಕ್ಕೆ ಬಾಗ್ನ ಕೊಡ್ದೆ ಎಂಗಿರ್ಲಿ? ತೌರ್ಮನೆ ಬಾಗ್ನ ತಪ್ಪುದ್ರೆ ನಿಂಗೂ ಒಳ್ಳೇದಲ್ಲ, ನಂಗೂ ಒಳ್ಳೇದಲ್ಲ" ಅಂದಳು. ಅವ್ವನ ಭಯ ನನಗೆ ಗೊತ್ತು. ಮದುವೆಯಾದ ಮಗಳಿಗೆ ಗೌರಿ ಬಾಗಿನ ಹೋಗಲಿಲ್ಲ ಅಂದರೆ, ಅವಳ ಪಾಲಿಗೆ ಮಗಳು ಸತ್ತ ಹಾಗೆ.

ಬೇಡ ಅಂದೆ. ಬೂತಿನಿಂದ ಹೊರಗೆ ಬಂದು, ಬೇಡ ಅನ್ನಬಾರದಿತ್ತು ಅನ್ನಿಸಿತು.

೧೭ ಆಗಸ್ಟ್, ಭಾನುವಾರ

ಹೇಳಿಬಿಟ್ಟೆ. ಮತ್ತೆ ಮೈಸೂರಿನಿಂದಲೇ. ನರಸೀಪುರ, ಬಸ್‌ಸ್ಟ್ಯಾಂಡಿಗೆ ನಾನೇ ಬರುತ್ತೇನೆ ಅಂದೆ. ಅವ್ವ ಯಾರಿಗೂ ಬಾಯಿ ಬಿಡುವವಳಲ್ಲ. ಅದರ ಮೇಲೆ ಪ್ರಾಣ ಪಣವಿಡಬಲ್ಲೆ. ನೋಡಬೇಕು ಅವಳನ್ನು. ಅಷ್ಟೇ.

೨ ಸೆಪ್ಟೆಂಬರ್, ಮಂಗಳವಾರ. ಗೌರಿ ಹಬ್ಬ

ಅವ್ವ ಬಂದಳು. ಅಪ್ಪನಿಗೆ ಮೈಸೂರಿನಲ್ಲಿ ಸಂಘದ ಮೀಟಿಂಗ್ ಅಂತ ಹೇಳಿ ಬಂದದ್ದು. ಮೊರದ ಬಾಗಿನವನ್ನು ಸೀರೆಯಲ್ಲಿ ಸುತ್ತಿ, ಕಂಕುಳಲ್ಲಿ ಕೂಸು ಎತ್ತಿಕೊಂಡ ಹಾಗೆ ಹಿಡಿದುಕೊಂಡು ಬಸ್ಸಿಳಿದಳು. ಪುಟ್ಟಮಾದಮ್ಮನವರ ನಡುಮನೆಯಲ್ಲಿ ಕೂರಿಸಿ ಅರಿಶಿನ ಹಚ್ಚಿದಳು, ಬಳೆ ತೊಡಿಸಿದಳು. ನನ್ನ ಮುಂಗೈ ನೋಡಿ, ಆ ಕೈಯ ಬಳೆಗಳನ್ನು ಒಂದೊಂದಾಗಿ ಮೆಲ್ಲಗೆ ಏರಿಸಿದಳು. ಹೋಳಿಗೆ ತಿನ್ನುತ್ತ ಮೂವರೂ ಏನೇನೋ ಮಾತಾಡಿ ನಕ್ಕೆವು. ಎಷ್ಟು ತಿಂಗಳಾಗಿತ್ತು ಹಾಗೆ ನಕ್ಕು.

ಆಗ ಅವ್ವನ ಚೀಲದಲ್ಲಿ ಫೋನು ಹಾಡಿತು. ನಂಜುಂಡೇಶ್ವರನ ಭಜನೆ.

"ಚೆಂದಾಗದೆ ಅಲ್ವಾ?" ಅಂದಳು ಅವ್ವ. ಎತ್ತುವಷ್ಟರಲ್ಲಿ ನಿಂತುಹೋಯಿತು.

"ಯಾರು ಹಾಕ್ಕೊಟ್ರವ್ವ?"

ಅವಳು ಸೆರಗು ಸರಿಮಾಡಿಕೊಂಡಳು. "ಅಳಿಯಂದ್ರು ಬಂದಿದ್ರು ಕನವ್ವ, ಓದ್‌ ತಿಂಗ್ಳು. ನಿಮ್ಮಪ್ಪನ್ ಮುಂದೆ ಕೂತ್ಕಂಡು ಅತ್ಬುಟ್ರು. ನಾನೇನೂ ಬಾಯ್ ಬುಡ್ನಿಲ್ಲ, ದೇವ್ರಾಣೆ. ಓಗೋವಾಗ, ಅತ್ತೆ, ನಿಮ್ಮ ಫೋನ್ ಕೊಡಿ, ಒಂದ್ ಒಳ್ಳೆ ಆಡು ಆಕ್ಕೊಡ್ತೀನಿ ಅಂದ್ರು. ಅಳಿಯಂದ್ರು ಕೈಚಾಚಿ ಕೇಳಿದ್ರೆ ಇಲ್ಲ ಅನ್ನಕಾಯ್ತದಾ?"

ಇಲ್ಲ. ಆಗುವುದಿಲ್ಲ. ನಮ್ಮಲ್ಲಿ ಯಾವ ಅತ್ತೆಗೆ ಆಗುತ್ತದೆ? ಮನೆಗೆ ಬಂದ ಅಳಿಯನಿಗೆ ಮಗಳ ವಿಳಾಸ ಕೊಡದೆ ಇರಬಹುದು, ಫೋನು ಕೊಡದೆ ಇರಲು ಆಗುವುದಿಲ್ಲ.

ಕಳಿಸಿದ ಮೆಸೇಜುಗಳಲ್ಲಿ ನೋಡಿದೆ. ಇತ್ತು. ಒಂದೇ ಅಕ್ಷರ, ವೈ. ಅವ್ವನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಫೋನಿನ ಮುಖದ ಮೇಲೆ ಊರಿನ ಹೆಸರು ಬಂದಿತ್ತು — ಟಿ. ನರಸೀಪುರ. ಬೆಳಿಗ್ಗೆಯಿಂದ ಇಲ್ಲೇ ಇದೆ.

ಸ್ಟಾಪ್ ಕಳಿಸಿದರೆ, ಇಲ್ಲಿ ನಾನಿದ್ದೇನೆ ಅಂತ ಅವನಿಗೆ ಸಾರಿ ಹೇಳಿದಂತೆ. ಕಳಿಸದಿದ್ದರೆ ನೋಡುತ್ತಲೇ ಇರುತ್ತಾನೆ. ಬ್ಯಾಟರಿ ಕಿತ್ತೆ. ಕಿತ್ತಮೇಲೆ ಹೊಳೆಯಿತು, ಆರಿಹೋದದ್ದೂ ನರಸೀಪುರದಲ್ಲೇ ಅಲ್ಲವೆ?

ಅವ್ವನಿಗೆ ಬಿಡಿಸಿ ಹೇಳಿದೆ. ನಂಬಲಿಲ್ಲ. ಆಮೇಲೆ ನಂಬಿದಳು. "ಬಾಗ್ನ ಕೊಡಾಕ್ ಬಂದು ನಿನ್ನ ಇಡ್ದು ಕೊಟ್ಬುಟ್ನಾ?" ಅಂತ ಎದೆ ಬಡಿದುಕೊಂಡಳು. ಅವಳನ್ನು ಸಮಾಧಾನ ಮಾಡಿ ಬಸ್ಸು ಹತ್ತಿಸುವುದೇ ದೊಡ್ಡ ಕೆಲಸವಾಯಿತು. ಅವಳ ಮೇಲೆ ನನಗೆ ಕೋಪ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು.

೩ ಸೆಪ್ಟೆಂಬರ್, ಬುಧವಾರ

ಬೀದಿ ಬೀದಿಗೆ ಗಣಪತಿ. ಪ್ರೆಸ್ಸಿಗೆ ರಜ. ಯಾರೂ ಬರಲಿಲ್ಲ. ಒಂದು ಸಲ, ಅವನು ನೋಡೇ ಇಲ್ಲವೇನೋ ಅನ್ನಿಸುತ್ತದೆ. ಹಬ್ಬದ ದಿನ ಅಂಗಡಿ ಪೂಜೆ, ಅದು ಇದು...

ಪುಟ್ಟಮಾದಮ್ಮನವರ ತಂಗಿ ಸೋಸಲೆಯಲ್ಲಿದ್ದಾರೆ. "ನಾಳಿಕೆ ಅಲ್ಲಿಗೋಗ್ಬುಡು, ನಾನೇ ಬಂದು ಬುಟ್ಟು ಬತ್ತೀನಿ" ಅಂದಿದ್ದಾರೆ. ಬಟ್ಟೆ ಕಟ್ಟಿಟ್ಟೆ.

೪ ಸೆಪ್ಟೆಂಬರ್

ಬಸ್‌ಸ್ಟ್ಯಾಂಡಿಗೆ ಹೋದೆವು. ಸೋಸಲೆ ಬಸ್ಸಿನ ಬಾಗಿಲಲ್ಲೇ ಇದ್ದ.

ಕಬ್ಬಿನ ಹಾಲಿನ ಗಾಡಿಯ ಹಿಂದೆ ಸರಿದುಕೊಂಡೆ. ಬಿಳಿ ಷರಟು, ಹಣೆಗೆ ವಿಭೂತಿ. ಕಂಡಕ್ಟರುಗಳಿಗೆ, ಆಟೋದವರಿಗೆ, ಹೂವಿನವಳಿಗೆ ಫೋಟೋ ತೋರಿಸುತ್ತಿದ್ದಾನೆ. ಎಲ್ಲರೂ ಬಗ್ಗಿ ನೋಡುತ್ತಿದ್ದಾರೆ. ಹೂವಿನವಳು ಫೋಟೋ ಹಿಡಿದುಕೊಂಡು ತುಂಬ ಹೊತ್ತು ನೋಡಿ ಲೊಚಗುಟ್ಟಿದಳು. ಟವರು ಊರಿನ ತನಕ ತಂದು ಬಿಟ್ಟಿತು. ಊರೊಳಗಿನ ಕೆಲಸ ಈ ಒಳ್ಳೆಯ ಜನರದು.

ವಾಪಸ್ ಬಂದೆವು. ಠಾಣೆಗೆ ಹೋಗೋಣ ಅಂದರು ಪುಟ್ಟಮಾದಮ್ಮ. ಹೋದರೆ ಮೊದಲು ಕರೆಸುವುದು ಗಂಡನನ್ನೇ. ಕೂರಿಸಿ ಬುದ್ಧಿ ಹೇಳಿ, ಒಂದೇ ಬಸ್ಸಿಗೆ ಹತ್ತಿಸುತ್ತಾರೆ. ಬೇಡ ಅಂದೆ.

೫ ಸೆಪ್ಟೆಂಬರ್, ಶುಕ್ರವಾರ

ನಮ್ಮ ಬೀದಿಗೂ ಬಂದಿದ್ದ. ನಾನು ಒಳಗೆ ಅಕ್ಕಿ ಮೂಟೆಯ ಹಿಂದೆ ಕೂತಿದ್ದೆ. ಜಗಲಿಯಲ್ಲಿ ನೀರು ಕೇಳಿ ಕುಡಿದ. ದನಿ ಕೇಳಿಸುತ್ತಿತ್ತು. ಅದೇ ಸಮಾಧಾನದ ದನಿ.

"ತಲೆ ಸರಿಯಿಲ್ಲ ಅಮ್ಮ ಅವಳಿಗೆ. ಔಷಧಿ ತಗೊಳ್ತಿದ್ಲು, ಬಿಟ್ಬಿಟ್ಲು. ಎಲ್ಲಿ ಏನು ಮಾಡ್ಕೋತಾಳೋ ಅಂತ ನನಗೆ ಅನ್ನ ಇಳೀತಿಲ್ಲ."

ಪುಟ್ಟಮಾದಮ್ಮ ಇಲ್ಲ, ಕಂಡಿಲ್ಲ ಅಂದರು. ಅವನು ಹೋದಮೇಲೆ ಒಳಗೆ ಬಂದು, ನಿಂತು, ನನ್ನನ್ನೇ ನೋಡಿದರು.

"ಅಲ್ಲ ಕಣವ್ವ... ನಿಜ್ವಾಗೂ ಔಸ್ದಿ ಗಿಸ್ದಿ ತಕ್ಕತಿದ್ಯಾ?"

ನನ್ನ ಮೂಳೆ ಮುಟ್ಟಿ ನೋಡಿದವರು ಇವರು. ಇವರಿಗೇ ಅನುಮಾನ ಬಂತು. ಒಂದು ಲೋಟ ನೀರು ಕುಡಿದು ಮುಗಿಸುವಷ್ಟರಲ್ಲಿ ಇವರನ್ನೂ ಗೆದ್ದುಕೊಂಡು ಹೋದ. ಇಲ್ಲ ಅಂದೆ. ಸರಿ ಬುಡು ಅಂದರು. ರಾತ್ರಿ ತಟ್ಟೆ ನನ್ನ ಮುಂದಿಟ್ಟು, ತಾವು ಜಗಲಿಗೆ ಹೋಗಿ ಕೂತು ಉಂಡರು.

೬ ಸೆಪ್ಟೆಂಬರ್, ಶನಿವಾರ, ಬೆಳಿಗ್ಗೆ ಹನ್ನೊಂದು

ಬೀದಿಗಿಂತ ಪ್ರೆಸ್ಸೇ ವಾಸಿ ಅಂತ ಕತ್ತಲಿರುವಾಗಲೇ ಬಂದು ಒಳಕೋಣೆ ಸೇರಿದೆ. ಕಿಟಕಿ ಇಲ್ಲ, ಬಾಗಿಲು ಒಂದೇ. ಯಾರೂ ಒಳಗೆ ಬರುವುದಿಲ್ಲ. ಇವತ್ತು ಕಳೆದರೆ, ಕೃಷ್ಣಕುಮಾರ್ ಸರ್ ಕತ್ತಲಾದಮೇಲೆ ಅವರ ವ್ಯಾನಿನಲ್ಲಿ ಕೊಳ್ಳೇಗಾಲದ ಕಡೆ ಬಿಡುತ್ತೇನೆ ಅಂದಿದ್ದಾರೆ.

ಈಗ ತಾನೆ ಸರ್ ಒಳಗೆ ಬಂದರು. ಕೈಯಲ್ಲಿ ಒಂದು ಹಾಳೆ, ಒಂದು ಫೋಟೋ. ಮೇಜಿನ ಮೇಲಿಟ್ಟರು. ನನ್ನ ಮುಖ ನೋಡಲಿಲ್ಲ.

"ಪಾಂಪ್ಲೆಟ್ ಬೇಕಂತಮ್ಮ. ಅರ್ಜೆಂಟು."

ಕಾಣೆಯಾಗಿದ್ದಾರೆ. ಹೆಸರು ರಮ್ಯ, ವಯಸ್ಸು ಇಪ್ಪತ್ತಾರು. ಕೋಲುಮುಖ, ಎಣ್ಣೆಗೆಂಪು ಬಣ್ಣ. ಮಾನಸಿಕವಾಗಿ ಅಸ್ವಸ್ಥರು. ಕನ್ನಡ ಟೈಪಿಂಗ್ ಬಲ್ಲವರು. ಸುಳಿವು ಕೊಟ್ಟವರಿಗೆ ಸೂಕ್ತ ಬಹುಮಾನ. ಕೈಬರಹ ಅವನದೇ, ದುಂಡಗೆ. ಫೋಟೋ ಮದುವೆಯದು. ಬಾಸಿಂಗ ಕಟ್ಟಿಕೊಂಡು ನಗುತ್ತಿದ್ದೇನೆ.

"ಮಾಡಲ್ಲ ಅಂತ ಕಳ್ಸಿದ್ರೆ ಅನುಮಾನ ಬರುತ್ತೆ. ಊರಲ್ಲಿ ಟೈಪ್ ಮಾಡೋರು ಎಷ್ಟು ಜನ, ಹೆಂಗಸರು ಯಾರ್ಯಾರು ಅಂತ ಆಗ್ಲೇ ಕೇಳ್ದ" ಅಂದರು ಸರ್. ಒಳ್ಳೆಯವರು. ಹಣೆಯಲ್ಲಿ ಬೆವರು. "ಬೇಗ ಹೊಡ್ದು ಕೊಟ್ಬಿಡಮ್ಮ. ತಗೊಂಡು ಹೋಗ್ಲಿ."

ಹೊಡೆಯುತ್ತಿದ್ದೇನೆ. ಮಧ್ಯೆ ಮಧ್ಯೆ ಇಲ್ಲಿ ಬರೆಯುತ್ತಿದ್ದೇನೆ, ಬರೆಯದಿದ್ದರೆ ಮುಂದಿನ ಸಾಲು ಹೊಡೆಯಲಾಗುವುದಿಲ್ಲ. ಬಣ್ಣ ಬೇರೆ ಹಾಕಲೆ, ಎತ್ತರ ತಪ್ಪು ಹಾಕಲೆ, ಫೋನ್ ನಂಬರಿನಲ್ಲಿ ಒಂದಂಕಿ ಬದಲಿಸಲೆ ಅಂತೆಲ್ಲ ಅನ್ನಿಸಿತು. ಅವನು ಪ್ರೂಫ್ ನೋಡದೆ ಬಿಡುವವನಲ್ಲ. ಮಾನಸಿಕವಾಗಿ ಅಸ್ವಸ್ಥರು ಅಂತ ದಪ್ಪ ಅಕ್ಷರದಲ್ಲಿ ಹಾಕಬೇಕಂತೆ. ಹಾಕಿದೆ. ನನ್ನ ಕೈಯಿಂದಲೇ.

ಹೊರಗೆ ಸರ್ ಮಾತು ಬೆಳೆಸುತ್ತಿದ್ದಾರೆ. ಕಾಗದ ಹಳದಿಯೋ ಬಿಳಿಯೋ, ಎಷ್ಟು ಪ್ರತಿ, ಕಾಫಿ ತರಿಸಲಾ... ಅವನಿಗೆ ಕಾಫಿ ಬೇಡ.

"ಪರವಾಗಿಲ್ಲ ಸಾರ್, ಟೈಪ್ ಮಾಡೋರ ಪಕ್ಕದಲ್ಲೇ ಕೂತು ನೋಡ್ತೀನಿ. ಒಂದಕ್ಷರ ತಪ್ಪಾಗಬಾರದು ನೋಡಿ."

"ಒಳಗೆ ಧೂಳು, ನಾನೇ ತಂದ್ಕೊಡ್ತೀನಿ..." ಅನ್ನುತ್ತಿದ್ದಾರೆ ಸರ್. ಕುರ್ಚಿ ಸರಿದ ಸದ್ದು.

ಮ್ಯಾಟರೆಲ್ಲ ಮುಗಿಯಿತು. ತಪ್ಪಿಲ್ಲ. ಫೋಟೋಗೆ ಮಧ್ಯದಲ್ಲಿ ಜಾಗ ಬಿಟ್ಟಿದ್ದೇನೆ. ಕಂಪ್ಯೂಟರ್ ಇರುವ ಕೋಣೆ, ಇಲ್ಲಿಗೆ ಯಾರು ಬಂದರೂ ಚಪ್ಪಲಿ ಹೊರಗೆ ಬಿಟ್ಟೇ ಬರಬೇಕು. ಬಿಡುತ್ತಿದ್ದಾನೆ. ಒಂದು ಚಪ್ಪಲಿ ಬಿದ್ದ ಸದ್ದು. ಇನ್ನೊಂದು